ಎದುರಿನ ಗಾಡಿಗೆ ವಿಮೆ ಇಲ್ಲದಿದ್ದರೆ?

ಅಣಬೆ ರೋಗ, ಕೊಳವೆ ಬಾವಿ, ಚೇಣಿ ದರ ಮುಂತಾದವುಗಳ ಬಗ್ಗೆ ಈ ಪುಟದಲ್ಲಿ ಬರೆಯುವುದು ವಾಡಿಕೆ. ಈ ಸಲ ಗಾಡಿಯ ವಿಮೆಯನ್ನು ಪಾಠಕ್ಕೆ ಎತ್ತಿಕೊಂಡಿದ್ದೇವೆ. ಕಾರಣ ಇಷ್ಟೇ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಬೆಳೆಗಾರರ ಅರ್ಧ ಬಾಳು ಈಗ ರಸ್ತೆಯ ಮೇಲೆ ಕಳೆಯುತ್ತಿದೆ. ಬೆಳಗ್ಗೆ ತೋಟಕ್ಕೆ ಟಿವಿಎಸ್ ಎಕ್ಸ್‌ಎಲ್, ಮಧ್ಯಾಹ್ನ ಗೊಬ್ಬರಕ್ಕೆ ಟ್ರ್ಯಾಕ್ಟರು, ಅಡಿಕೆ ಮಾರಲು ತುಮಕೂರಿಗೆ ಟೆಂಪೊ, ಮದುವೆ ಮುಂಜಿಗೆ ಕಾರು. ತೋಟದ ಗಿಡ ಒಣಗಿದರೆ ಮತ್ತೆ ನೆಡಬಹುದು. ದುಡಿಯುವ ಮನುಷ್ಯನೇ ರಸ್ತೆಯಲ್ಲಿ ಬಿದ್ದರೆ ಆ ಮನೆ ಏಳುವುದು ಕಷ್ಟ.

ಅಮೆರಿಕದಲ್ಲಿ ಕೆಲಸಕ್ಕಿರುವ ಮಕ್ಕಳಿಂದ ಕೇಳಿ ತಿಳಿದವರು ಒಂದು ಪ್ರಶ್ನೆ ಹಾಕುತ್ತಾರೆ. ಅಲ್ಲಿ ಕಾರಿಗೆ ವಿಮೆ ಮಾಡಿಸುವಾಗ 'ಅನ್‌ಇನ್ಷೂರ್ಡ್ ಮೋಟರಿಸ್ಟ್' ಎಂಬ ಒಂದು ಬಾಬು ಇರುತ್ತದೆ. ವಿಮೆ ಇಲ್ಲದ ಗಾಡಿಯವನು ಬಂದು ಗುದ್ದಿದರೆ, ಅವನು ಕೊಡಬೇಕಾಗಿದ್ದ ಪರಿಹಾರವನ್ನು ನಮ್ಮ ಕಂಪನಿಯೇ ನಮಗೆ ಕೊಡುವ ಏರ್ಪಾಡು ಅದು. ಅಲ್ಲಿನ ಕೆಲವು ರಾಜ್ಯಗಳಲ್ಲಿ ಅದು ಕಡ್ಡಾಯ, ಇನ್ನು ಕೆಲವು ಕಡೆ ಬೇಡವೆನ್ನುವವರು ಬರವಣಿಗೆಯಲ್ಲೇ ಬೇಡವೆನ್ನಬೇಕು. ನಮ್ಮಲ್ಲೂ ಅದನ್ನು ಬರೆಸಬಹುದೇ ಎಂಬುದು ಪ್ರಶ್ನೆ.

ಆ ಹೆಸರಿನ ಬಾಬು ನಮ್ಮ ದೇಶದ ಪಾಲಿಸಿಯಲ್ಲಿ ಇಲ್ಲ. ಆದರೆ ಅದು ಮಾಡುವ ಕೆಲಸದ ಬಹುಪಾಲನ್ನು ಮೂರು ನಾಲ್ಕು ಬೇರೆ ಬೇರೆ ಬಾಬುಗಳನ್ನು ಸೇರಿಸಿ ನಾವೇ ಕಟ್ಟಿಕೊಳ್ಳಬಹುದು. ಖರ್ಚು ಹೆಚ್ಚಿಲ್ಲ. ಆದರೂ ನಮ್ಮವರಲ್ಲಿ ಹೆಚ್ಚಿನವರು ಅದನ್ನು ಬಿಟ್ಟಿರುತ್ತಾರೆ, ಬಿಟ್ಟಿದ್ದೇವೆಂಬುದೂ ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಕಾನೂನಿನ ಮೂಲ ತಿಳಿಯೋಣ. 1988ರ ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಂತೆ ರಸ್ತೆಗಿಳಿಯುವ ಪ್ರತಿ ಮೋಟಾರು ಗಾಡಿಗೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. ಹೆಸರೇ ಹೇಳುವಂತೆ ಇದು ಮೂರನೆಯವರಿಗಾಗಿ. ನಮ್ಮ ಗಾಡಿಯಿಂದ ದಾರಿಹೋಕರಿಗೋ ಎದುರಿನ ಗಾಡಿಯವರಿಗೋ ಪೆಟ್ಟಾದರೆ ನಮ್ಮ ಕಂಪನಿ ಅವರಿಗೆ ಕೊಡುತ್ತದೆ. ಅವರ ತಪ್ಪಿನಿಂದ ನಮಗೆ ಪೆಟ್ಟಾದರೆ ಅವರ ಕಂಪನಿ ನಮಗೆ ಕೊಡುತ್ತದೆ. ಅಂದರೆ ನಾವು ಕಟ್ಟುವ ಕಂತು ನಮ್ಮನ್ನು ಕಾಯುವುದಿಲ್ಲ, ಎದುರಿನವನು ಕಟ್ಟಿದ ಕಂತು ನಮ್ಮನ್ನು ಕಾಯುತ್ತದೆ. ಅವನು ಕಟ್ಟದಿದ್ದರೆ?

ಅವನು ಕಟ್ಟದಿರುವುದು ಅಪರೂಪವೇನಲ್ಲ. ವಿಮಾ ಮಾಹಿತಿ ಬ್ಯೂರೋ 2018ರ ಮಾರ್ಚ್ ಅಂತ್ಯಕ್ಕೆ ತೆಗೆದ ಲೆಕ್ಕದಲ್ಲಿ ದೇಶದ 21 ಕೋಟಿ ಚಿಲ್ಲರೆ ವಾಹನಗಳ ಪೈಕಿ ನೂರಕ್ಕೆ 57 ವಿಮೆಯಿಲ್ಲದವು. ಅವುಗಳಲ್ಲಿ ದ್ವಿಚಕ್ರದ್ದೇ ಹೆಚ್ಚು. ಹಳ್ಳಿ ರಸ್ತೆಯಲ್ಲಿ ನಮಗೆ ಎದುರಾಗುವವು ಹೆಚ್ಚಾಗಿ ಅವೇ. ರಸ್ತೆಗಳ ಸ್ಥಿತಿ ಓದುಗರಿಗೆ ಹೊಸತಲ್ಲ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಖಾಸಗಿ ಬಸ್ಸು ಮಗುಚಿ ವಿದ್ಯಾರ್ಥಿಗಳೂ ಸೇರಿ ಹಲವರು ಸತ್ತರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಸಮೀಪ ಹೆದ್ದಾರಿಯಲ್ಲಿ, ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ರಾಯಚೂರು ಕಡೆಯವರಿದ್ದ ಗಾಡಿಗೂ ಲಾರಿಗೂ ಡಿಕ್ಕಿಯಾಗಿ 9 ಜನ ಹೋದರು. ಇಂಥ ದೊಡ್ಡ ಅಪಘಾತಗಳು ಪತ್ರಿಕೆಗೆ ಬರುತ್ತವೆ. ತೋಟದಿಂದ ಮನೆಗೆ ಬರುವಾಗ ಲೈಟಿಲ್ಲದ ಬೈಕು ಗುದ್ದಿ ಕಾಲು ಮುರಿದದ್ದು ಬರುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ನಷ್ಟದ ಗಾತ್ರ ತಿಳಿಯುತ್ತದೆ. ಕೊರಟಗೆರೆ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ತೋಟವಿರುವ 42 ವರ್ಷದ ಬೆಳೆಗಾರರೊಬ್ಬರು, ಹೆಂಡತಿ ಮತ್ತು ಇಬ್ಬರು ಮಕ್ಕಳು ಎಂದು ಇಟ್ಟುಕೊಳ್ಳೋಣ. ಎದುರಿನವನ ತಪ್ಪಿನಿಂದ ಅವರು ತೀರಿಕೊಂಡರು. ತೋಟ ಉಳಿದೇ ಇರುವುದರಿಂದ ನ್ಯಾಯಮಂಡಳಿ ಅವರ ದುಡಿಮೆಯ, ಮೇಲ್ವಿಚಾರಣೆಯ ಬೆಲೆಯನ್ನಷ್ಟೇ ಹಿಡಿಯುತ್ತದೆ. ತಿಂಗಳಿಗೆ 15,000 ರೂ. ಎಂದು ಹಿಡಿಯಿತೆನ್ನಿ. ವರ್ಷಕ್ಕೆ 1,80,000. ಸುಪ್ರೀಂ ಕೋರ್ಟು 2017ರಲ್ಲಿ ಹಾಕಿಕೊಟ್ಟ ಕ್ರಮದಂತೆ ಈ ವಯಸ್ಸಿನ ಸ್ವಂತ ಉದ್ಯೋಗದವರಿಗೆ ಮುಂದಿನ ಏಳಿಗೆಗೆಂದು ನೂರಕ್ಕೆ 25 ಸೇರಿಸಬೇಕು: 2,25,000. ಅವಲಂಬಿತರು ಮೂವರಾದ್ದರಿಂದ ಸ್ವಂತ ಖರ್ಚಿಗೆ ಮೂರನೆಯ ಒಂದು ಪಾಲು ಕಳೆದರೆ 1,50,000. 41ರಿಂದ 45ರ ವಯಸ್ಸಿಗೆ ಗುಣಕ 14. ಒಟ್ಟು 21 ಲಕ್ಷ ರೂಪಾಯಿ. ಅಂತ್ಯಕ್ರಿಯೆ ಮುಂತಾದ ಸಣ್ಣ ಬಾಬುಗಳು ಬೇರೆ. ಗುದ್ದಿದ ಗಾಡಿಗೆ ವಿಮೆ ಇದ್ದರೆ ಈ ದುಡ್ಡು ಬಡ್ಡಿ ಸಮೇತ ಆ ಮನೆಗೆ ಬರುತ್ತದೆ.

ವಿಮೆ ಇಲ್ಲದಿದ್ದರೂ ತೀರ್ಪು ಇದೇ ಆಗುತ್ತದೆ. ಆದರೆ ಕೊಡಬೇಕಾದವನು ಆ ಬೈಕಿನ ಮಾಲೀಕ. ಅವನ ಹತ್ತಿರ ಹಳೆಯ ಬೈಕು, ಒಂದು ಮನೆ, ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿ ಅರ್ಧ ಎಕರೆ ಹೊಲ. ತೀರ್ಪಿನ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಲು 174ನೇ ಕಲಮಿನಲ್ಲಿ ದಾರಿಯುಂಟು. ಇನ್ನೊಂದು ದಾರಿಯೂ ಇದೆ: ವಿಮೆಯಿಲ್ಲದ ಗಾಡಿ ಅಪಘಾತ ಮಾಡಿದರೆ ಮಾಲೀಕ ಜಾಮೀನು ಒದಗಿಸುವ ತನಕ ಅದನ್ನು ಬಿಡಬಾರದು, ಮೂರು ತಿಂಗಳೊಳಗೆ ಒದಗಿಸದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕೆಂಬ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲಾರಿಯಾದರೆ ಇದರಿಂದ ಏನಾದರೂ ಹುಟ್ಟೀತು. ಹತ್ತು ವರ್ಷ ಓಡಿದ ಬೈಕನ್ನು ಹರಾಜು ಹಾಕಿದರೆ ವಕೀಲರ ಓಡಾಟಕ್ಕೂ ಸಾಲದು. 21 ಲಕ್ಷದ ತೀರ್ಪು ಕಾಗದದ ಮೇಲೆ ಇದ್ದು, ಮನೆಯವರು ತಾರೀಖಿಗೆ ಅಲೆಯುತ್ತಿರುತ್ತಾರೆ.

ಸರ್ಕಾರ ಏನೂ ಕೊಡುವುದಿಲ್ಲವೇ ಎಂದು ಕೇಳಬಹುದು. ಗುದ್ದಿ ಓಡಿಹೋದ, ಗುರುತೇ ಸಿಗದ ಗಾಡಿಯಾದರೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಉಂಟು. ಹಿಂದೆ ಇದು 25,000 ಮತ್ತು 12,500 ಇತ್ತು. ಅರ್ಜಿಯನ್ನು ಅಪಘಾತ ನಡೆದ ತಾಲ್ಲೂಕಿನ ತಹಶೀಲ್ದಾರರಂಥ ವಿಚಾರಣಾಧಿಕಾರಿಗೆ ಕೊಡಬೇಕು. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಗಮನಿಸಬೇಕಾದ್ದು ಮುಂದಿನ ಮಾತು. ಗಾಡಿಯ ನಂಬರು ಸಿಕ್ಕಿ, ಅದಕ್ಕೆ ವಿಮೆ ಇಲ್ಲವೆಂದು ಗೊತ್ತಾದರೆ ಈ ಹಣ ಬರುವುದಿಲ್ಲ. ಓಡಿಹೋದವನಿಂದ ಪೆಟ್ಟು ತಿಂದವನಿಗೆ 2 ಲಕ್ಷವಾದರೂ ಸಿಕ್ಕಿತು, ನಿಂತು ಹೆಸರು ಕೊಟ್ಟ ವಿಮೆಯಿಲ್ಲದವನಿಂದ ತಿಂದವನಿಗೆ ಅದೂ ಇಲ್ಲ. ವಿಚಿತ್ರವೆನಿಸಿದರೂ ಇರುವ ಏರ್ಪಾಡು ಹೀಗಿದೆ.

ಆಸ್ಪತ್ರೆಯ ಮಟ್ಟಿಗೆ ಸ್ವಲ್ಪ ಸಮಾಧಾನವಿದೆ. 2025ರ ಮೇ 5ರಂದು ಪ್ರಕಟವಾದ ಕೇಂದ್ರ ಯೋಜನೆಯಂತೆ ರಸ್ತೆ ಅಪಘಾತಕ್ಕೊಳಗಾದ ಯಾರಿಗೇ ಆಗಲಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಮೊದಲ 7 ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕೇಳದೆ ಚಿಕಿತ್ಸೆ ನೀಡಬೇಕು. ಎಂಟನೆಯ ದಿನದಿಂದ ನಮ್ಮ ಪಾಡು ನಮ್ಮದು.

ನಮ್ಮ ಪಾಲಿಸಿಯಲ್ಲಿ ನಮಗೇನಿದೆ?

ಈಗ ಮುಖ್ಯ ಪಾಠಕ್ಕೆ ಬರೋಣ. ಗಾಡಿಯ ಪಾಲಿಸಿಯಲ್ಲಿ 'ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ' ಎಂಬ ಸಾಲೊಂದು ಇರುತ್ತದೆ, ಕಾಗದದಲ್ಲಿ 'ಪಿ.ಎ. ಓನರ್ ಡ್ರೈವರ್' ಎಂದು ಅಚ್ಚಾಗಿರುತ್ತದೆ. ಗಾಡಿಯ ಮಾಲೀಕರು ತಮ್ಮ ಗಾಡಿ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡರೆ, ಅಥವಾ ಎರಡು ಕೈ, ಎರಡು ಕಾಲು, ಎರಡು ಕಣ್ಣು ಹೋದರೆ, ಪೂರ್ತಿ 15 ಲಕ್ಷ. ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ತಪ್ಪು ಯಾರದು, ಎದುರಿನ ಗಾಡಿಗೆ ವಿಮೆ ಇತ್ತೇ, ಎದುರಿಗೆ ಗಾಡಿಯೇ ಇತ್ತೇ ಅಥವಾ ಹಂದಿ ಅಡ್ಡ ಬಂದು ಬಿದ್ದದ್ದೇ, ಯಾವುದನ್ನೂ ಕೇಳುವಂತಿಲ್ಲ. ಅಮೆರಿಕದ ಆ ಬಾಬಿಗೆ ನಮ್ಮಲ್ಲಿ ಹತ್ತಿರದ ನೆಂಟ ಇದೇ. 2018ಕ್ಕೆ ಮೊದಲು ಈ ಮೊತ್ತ ದ್ವಿಚಕ್ರಕ್ಕೆ 1 ಲಕ್ಷ, ಕಾರಿಗೆ 2 ಲಕ್ಷ ಮಾತ್ರ ಇತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು 15 ಲಕ್ಷಕ್ಕೆ ಏರಿಸಿ, ವರ್ಷದ ಕಂತು 750 ರೂ. ಎಂದು ಗೊತ್ತುಮಾಡಿತು. ಬಳಿಕ ದರವನ್ನು ಕಂಪನಿಗಳಿಗೇ ಬಿಟ್ಟಿದ್ದರಿಂದ ಎರಡು ಮೂರು ಕಡೆ ವಿಚಾರಿಸಿ ಕೊಳ್ಳುವುದು ಲೇಸು. ಸ್ವಂತ ಒಪ್ಪಂದದಿಂದ ಬರುವ ಈ ಹಣವನ್ನು ಎದುರಿನವನಿಂದ ಬರಬೇಕಾದ ಪರಿಹಾರದಲ್ಲಿ ಮುರಿದುಕೊಳ್ಳುವಂತಿಲ್ಲ.

ಮೇಲಿನ ಉದಾಹರಣೆಯಲ್ಲಿ 21 ಲಕ್ಷ ಕಾಗದದಲ್ಲಿ ಉಳಿದರೂ, ಬೆಳೆಗಾರರು ತಮ್ಮ ಗಾಡಿಯ ಮೇಲಿದ್ದು ಈ ಸಾಲು ತುಂಬಿದ್ದರೆ 15 ಲಕ್ಷ ಮನೆಗೆ ಬರುತ್ತಿತ್ತು. ಒಂದು ಮೂಟೆ ಗೊಬ್ಬರದ ಬೆಲೆಯ ಸುತ್ತಮುತ್ತಲಿನ ಕಂತಿಗೆ ಇಷ್ಟು.

ಕಾನೂನಿನಲ್ಲಿ ಇದು ಬೇಕೇಬೇಕೆಂದಿದ್ದರೂ ತಪ್ಪಿಹೋಗುವುದು ಹೇಗೆಂದರೆ, ಮೊದಲನೆಯದಾಗಿ, 2018ರ ಸೆಪ್ಟೆಂಬರ್ 1ರ ನಂತರ ಹೊಸ ದ್ವಿಚಕ್ರ ಕೊಂಡವರಿಗೆ ಥರ್ಡ್ ಪಾರ್ಟಿ ವಿಮೆ 5 ವರ್ಷಕ್ಕೆ, ಕಾರು ಕೊಂಡವರಿಗೆ 3 ವರ್ಷಕ್ಕೆ ಒಟ್ಟಿಗೇ ಆಗಿರುತ್ತದೆ. ಆದರೆ ಮಾಲೀಕ-ಚಾಲಕರ ಸಾಲು ಅದೇ ಕಾಗದದಲ್ಲಿ ಒಂದೇ ವರ್ಷಕ್ಕೆ ಇರಬಹುದು. ಐದು ವರ್ಷ ಚಿಂತೆಯಿಲ್ಲ ಎಂದು ಬೀರುವಿನಲ್ಲಿಟ್ಟವರ ರಕ್ಷಣೆ ಎರಡನೆಯ ವರ್ಷವೇ ಮುಗಿದಿರುತ್ತದೆ. ಇನ್ನೊಂದು: ಬೇರೆ ಕಡೆ 15 ಲಕ್ಷದ ಅಪಘಾತ ವಿಮೆ ಈಗಾಗಲೇ ಇದೆ ಎಂದು ಬರೆದುಕೊಟ್ಟವರಿಗೆ ಈ ಸಾಲು ಬಿಡಲು ಅವಕಾಶವಿದೆ. ಎರಡು ಮೂರು ಗಾಡಿಯಿದ್ದವರು ಪ್ರತಿಯೊಂದಕ್ಕೂ ಕಟ್ಟದಿರಲಿ ಎಂಬುದು ಅದರ ಉದ್ದೇಶ. ಕಂತು ಕಡಿಮೆ ತೋರಿಸಲು ಆ ಹೇಳಿಕೆಯ ಮೇಲೆ ಗುರುತು ಹಾಕಿಸಿ ಸಹಿ ಪಡೆಯುವುದುಂಟು. ಅವಸರದಲ್ಲಿ ನಾವೂ ಓದುವುದಿಲ್ಲ. ಈ ಪಾಠ ಬರೆಯುವ ಮುನ್ನ ನಮ್ಮ ಸ್ವಂತ ಗಾಡಿಯ ಕಾಗದ ತೆಗೆದು ನೋಡಿದೆವು. ಆ ಸಾಲಿನ ಎದುರು ಸೊನ್ನೆ ಇತ್ತು. ಎರಡು ವರ್ಷದಿಂದ ಹಾಗೆಯೇ ಓಡಾಡಿದ್ದೆವು. ಓದುಗರಿಗೆ ಬುದ್ಧಿ ಹೇಳುವ ಮೊದಲು ಆ ಕಂತು ಕಟ್ಟಿ ಬಂದೆವು.

ಲೈಸೆನ್ಸ್ ಇಲ್ಲದಿದ್ದರೆ ಈ 15 ಲಕ್ಷ ಬರುವುದಿಲ್ಲ. ಎಕ್ಸ್‌ಎಲ್ ತಾನೇ, ತೋಟಕ್ಕೆ ತಾನೇ ಎನ್ನುವವರು ಇದನ್ನು ನೆನಪಿಡಬೇಕು. ನಾಮಿನಿಯ ಹೆಸರು ಸರಿಯಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಇನ್ನು, ಹೆಸರಿನಲ್ಲೇ ಇರುವಂತೆ ಇದು ಮಾಲೀಕರಿಗೆ ಮಾತ್ರ. ಅಪ್ಪನ ಹೆಸರಿನ ಗಾಡಿಯನ್ನು ಮಗ ಓಡಿಸುವುದು, ನೆರೆಯವರ ಬೈಕನ್ನು ಸಂತೆಗೆ ಒಯ್ಯುವುದು ನಮ್ಮಲ್ಲಿ ದಿನದ ಮಾತು. ಇದರ ಬಗ್ಗೆ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಇಳಕಲ್ ಕಡೆಯ ಒಬ್ಬರು ಬೇರೆಯವರಿಂದ ಪಡೆದ ಬೈಕಿನಲ್ಲಿ ಹೋಗುತ್ತಿದ್ದಾಗ, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ಥಟ್ಟನೆ ನಿಂತಿತು. ಡಿಕ್ಕಿ ಹೊಡೆದು ಸವಾರರು ತೀರಿಕೊಂಡರು. ಎತ್ತಿನಗಾಡಿಗೆ ವಿಮೆ ಎಲ್ಲಿಯದು? ಮನೆಯವರು ಬೈಕಿನ ವಿಮಾ ಕಂಪನಿಯನ್ನೇ ಕೇಳಿದರು. ನ್ಯಾಯಮಂಡಳಿ ಪರಿಹಾರ ಕೊಟ್ಟಿತು, ಹೈಕೋರ್ಟು ತಳ್ಳಿಹಾಕಿತು. 2009ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಗಾಡಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತವನು, ಅವನನ್ನು ಮೂರನೆಯವನೆಂದು ಎಣಿಸಿ ಆ ಕಲಮಿನಲ್ಲಿ ಹಣ ಕೇಳುವಂತಿಲ್ಲ ಎಂದು. ಬೇರೆ ಕಲಮಿನಲ್ಲಿ ಏನಾದರೂ ದಕ್ಕುವುದೇ ನೋಡಿ ಎಂದು ಮತ್ತೆ ಹೈಕೋರ್ಟಿಗೆ ಕಳಿಸಿತು. ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. ಗಾಡಿಯನ್ನು ಯಾರು ಹೆಚ್ಚು ಓಡಿಸುತ್ತಾರೋ ಅವರ ಹೆಸರಿನಲ್ಲೇ ಇಡುವುದು ಒಂದು ಉಪಾಯ.

ಹಿಂದೆ ಕೂತ ಹೆಂಡತಿಯ ವಿಚಾರವೂ ಬೇರೆ. ಬೈಕಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ, ನಮ್ಮ ತಪ್ಪಿನಿಂದಲೇ ಬಿದ್ದಾಗ ಹಿಂದಿನ ಸವಾರರಿಗೆ ಕೊಡುವ ಹೊಣೆ ಕಂಪನಿಗಿಲ್ಲವೆಂದು 2006ರ ಸುಪ್ರೀಂ ಕೋರ್ಟಿನ ತೀರ್ಪಿದೆ. ಪ್ಯಾಕೇಜ್ ಪಾಲಿಸಿಯಲ್ಲಿ ಆ ಹೊಣೆ ಸೇರುತ್ತದೆ. ಪ್ರಯಾಣಿಕರಿಗೆ ಅಪಘಾತ ವಿಮೆಯನ್ನು ಸ್ವಲ್ಪ ಹೆಚ್ಚು ಕಂತಿಗೆ ಸೇರಿಸಿಕೊಳ್ಳಲೂಬಹುದು.

ಮಾಲೀಕರಲ್ಲದವರಿಗೆ, ನಡೆದು ಹೋಗುವವರಿಗೆ, ಬಸ್ಸಿನಲ್ಲಿ ಹೋಗುವವರಿಗೆ ಎಲ್ಲರಿಗೂ ಎಟಕುವುದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದವರು ಬ್ಯಾಂಕು ಖಾತೆಯ ಮೂಲಕ ಸೇರಬಹುದು. 12 ರೂ. ಇದ್ದ ವರ್ಷದ ಕಂತು 2022ರ ಜೂನ್ 1ರಿಂದ 20 ರೂ. ಆಯಿತು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಮೊತ್ತ ಸಣ್ಣದು. ಕೈಗೂಡುವವರು ಬೇರೆಯಾಗಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಗಾಡಿಯ ಜಖಂ ಮಾತು ಕೊನೆಯದು. ವಿಮೆಯಿಲ್ಲದವನು ಗುದ್ದಿ ಕಾರಿನ ಮುಖ ಹೋದರೆ ಅವನಿಂದ ವಸೂಲಿ ಮಾಡುವುದು ಕನಸು. ನಮ್ಮ ಪಾಲಿಸಿಯಲ್ಲಿ 'ಓನ್ ಡ್ಯಾಮೇಜ್' ಭಾಗ ಇದ್ದರೆ ಮಾತ್ರ ರಿಪೇರಿ ಹಣ. ಸಾಲ ಮಾಡಿ ಕೊಂಡ, ಐದಾರು ವರ್ಷದೊಳಗಿನ ಕಾರಿಗೆ ಇದು ಬೇಕು. ಹದಿನೈದು ವರ್ಷದ ಕಾರಿಗೆ, ಹಳೆಯ ಎಕ್ಸ್‌ಎಲ್‌ಗೆ ನಮ್ಮ ಅಭಿಪ್ರಾಯದಲ್ಲಿ ಬೇಡ. ಆ ದುಡ್ಡನ್ನು ಮನುಷ್ಯರ ಮೇಲಿನ ವಿಮೆಗೆ ಹಾಕಿ. ನಮ್ಮ ಜನ ಇದಕ್ಕೆ ತಿರುಗುಮುರುಗು ಮಾಡುತ್ತಾರೆ, ಬಂಪರಿಗೆ ವಿಮೆ, ಬೆನ್ನುಮೂಳೆಗೆ ಇಲ್ಲ.

ವಿಮೆಯಿಲ್ಲದವರು ನಾವೇ ಆದರೆ?

ಅಡಿಕೆ ಕೊಯ್ಲಿನ ಕಾಲದಲ್ಲಿ ಟ್ರೈಲರಿನಲ್ಲಿ ಹದಿನೈದು ಇಪ್ಪತ್ತು ಆಳು ತುಂಬಿಕೊಂಡು ಹೋಗುವುದು ಎಲ್ಲ ಕಡೆ ಇದೆ. ಟ್ರ್ಯಾಕ್ಟರಿಗೆ ವಿಮೆ ಇದೆಯಲ್ಲ ಎಂಬ ಧೈರ್ಯ. ಟ್ರ್ಯಾಕ್ಟರಿನಲ್ಲಿ ಇರುವುದು ಒಂದೇ ಸೀಟು, ಅದು ಚಾಲಕನದು. ಸರಕಿನ ಗಾಡಿಯಲ್ಲಿ ಸುಮ್ಮನೆ ಕರೆದೊಯ್ಯುವ ಜನರ ಹೊಣೆ ವಿಮಾ ಕಂಪನಿಯದಲ್ಲವೆಂದು 2002ರಲ್ಲಿ ತೀರ್ಮಾನವಾಗಿದೆ; ಟ್ರ್ಯಾಕ್ಟರ್ ಟ್ರೈಲರಿನ ಕೂಲಿಯವರ ವಿಷಯದಲ್ಲೂ 2007ರಲ್ಲಿ ಸುಪ್ರೀಂ ಕೋರ್ಟು ಹೊಣೆಯನ್ನು ಮಾಲೀಕನ ಮೇಲೇ ಹೊರಿಸಿತು. ಅಂದರೆ ವಿಮೆ ಕಟ್ಟಿದ ಟ್ರ್ಯಾಕ್ಟರೂ ಆ ಆಳುಗಳ ಮಟ್ಟಿಗೆ ವಿಮೆಯಿಲ್ಲದ ಗಾಡಿಯೇ. ಟ್ರೈಲರು ಮಗುಚಿ ಒಬ್ಬ ಹೆಣ್ಣಾಳು ತೀರಿಕೊಂಡರೂ ಅವಳ ಮಕ್ಕಳಿಗೆ ಕೊಡಬೇಕಾದ ಲಕ್ಷಗಳು ಮಾಲೀಕರ ಪಹಣಿಯ ಮೇಲೆ ಬರುತ್ತವೆ. ಆಳುಗಳನ್ನು ಪ್ರಯಾಣಿಕರ ಪರವಾನಗಿಯಿರುವ ಗಾಡಿಯಲ್ಲಿ ಕರೆತರುವುದು ದುಬಾರಿಯೇನೋ ಹೌದು.

ಅಡಿಕೆ ಮೂಟೆಯ ಜೊತೆ ಟೆಂಪೊದಲ್ಲಿ ಮಂಡಿಗೆ ಹೋಗುವ ಬೆಳೆಗಾರರಿಗೆ ಮಾತ್ರ ಕಾನೂನು ಒಂದು ಅನುಕೂಲ ಮಾಡಿದೆ. 1994ರ ತಿದ್ದುಪಡಿಯಿಂದ ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಸರಕಿನೊಡನೆ ಹೋಗುವಾಗ ಆ ಗಾಡಿಯ ವಿಮೆಯಲ್ಲಿ ಸೇರುತ್ತಾನೆ. ಆದರೆ ಕ್ಯಾಬಿನ್ನಿನಲ್ಲಿ ಕೂತಿರಬೇಕು, ಮೂಟೆಯ ಮೇಲಲ್ಲ. ಬಾಡಿಗೆಗೆ ಹಿಡಿಯುವ ಮೊದಲು ಗಾಡಿಯ ನಂಬರನ್ನು ಎಂ-ಪರಿವಾಹನ್‌ನಲ್ಲಿ ಹಾಕಿದರೆ ವಿಮೆ ಯಾವ ತಾರೀಖಿನವರೆಗೆ ಇದೆಯೆಂದು ತೋರುತ್ತದೆ. ಕೇಳಲು ನಾಚಿಕೆಯಾದರೆ ನಂಬರು ನೋಡಿಕೊಂಡರಾಯಿತು.

ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲದ ದಂಡ 2,000 ರೂ., ಎರಡನೆಯ ಸಲಕ್ಕೆ 4,000. ಮೂರು ತಿಂಗಳವರೆಗೆ ಸೆರೆಯೂ ಆಗಬಹುದು. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿ ದ್ವಿಚಕ್ರದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 714 ರೂ., 1000 ಸಿಸಿ ಒಳಗಿನ ಕಾರಿಗೆ 2,094, ತೆರಿಗೆ ಬೇರೆ. ಇದನ್ನು ಉಳಿಸಲು ಹೋಗಿ ಮೇಲೆ ಹೇಳಿದ 21 ಲಕ್ಷದ ಕೊಡುವ ಕಡೆಯಲ್ಲಿ ನಿಲ್ಲುವುದು ಯಾವ ಲೆಕ್ಕ?

ಪಾವಗಡದವರಿಗೆ ಒಂದು ಮಾತು. ಮೂರು ದಿಕ್ಕಿನಲ್ಲೂ ಆಂಧ್ರ ಇರುವುದರಿಂದ ಮಡಕಶಿರಾ, ಹಿಂದೂಪುರ ಕಡೆಯ ಓಡಾಟ ಹೆಚ್ಚು. ಅಲ್ಲಿ ಅಪಘಾತವಾದರೆ ಅಲ್ಲಿಯೇ ದಾವೆ ಹಾಕಬೇಕೆಂಬುದು ತಪ್ಪು ತಿಳುವಳಿಕೆ. ಪರಿಹಾರ ಕೇಳುವವರು ವಾಸಿಸುವ ಜಾಗದ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಎಫ್‌ಐಆರ್ ಮಾತ್ರ ಅಪಘಾತ ನಡೆದ ಠಾಣೆಯದು. ಅದರ ನಕಲು, ಎದುರಿನ ಗಾಡಿಯ ನಂಬರು, ಆಸ್ಪತ್ರೆಯ ಕಾಗದ, ಸಾವಾದರೆ ಮರಣೋತ್ತರ ವರದಿ ಇವನ್ನು ಮೊದಲ ವಾರದಲ್ಲೇ ಕೂಡಿಸಿಟ್ಟುಕೊಳ್ಳಬೇಕು. ಹಳ್ಳಿಯಲ್ಲಿ ರಾಜಿ ಮಾಡಿಸಿ ಐದು ಹತ್ತು ಸಾವಿರ ಕೊಡಿಸಿ ಕೇಸು ಬೇಡವೆನ್ನುವ ಹಿರಿಯರಿರುತ್ತಾರೆ. ಎಫ್‌ಐಆರ್ ಇಲ್ಲದಿದ್ದರೆ ಎದುರಿನವನ ಪರಿಹಾರ ಹಾಗಿರಲಿ, ನಮ್ಮದೇ 15 ಲಕ್ಷಕ್ಕೂ ಸುರಕ್ಷಾ ಬಿಮಾದ 2 ಲಕ್ಷಕ್ಕೂ ತೊಡಕಾಗುತ್ತದೆ. ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳೆಂಬ ಗಡುವು 2022ರ ಏಪ್ರಿಲ್ 1ರಿಂದ ಕಾಯಿದೆಯಲ್ಲಿ ಸೇರಿದೆ, ಅದರೊಳಗೇ ಹಾಕಿಬಿಡಿ.

ಸುರಕ್ಷಾ ಬಿಮಾದ ವರ್ಷ ಜೂನ್ 1ಕ್ಕೆ ಆರಂಭವಾಗಿ ಮೇ 31ಕ್ಕೆ ಮುಗಿಯುತ್ತದೆ. ಹಣ ಖಾತೆಯಿಂದ ತಾನೇ ಕಡಿತವಾಗುತ್ತದೆ. ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ಕಳೆದುಕೊಂಡವರಿದ್ದಾರೆ. ಮೇ ತಿಂಗಳ ಮೂರನೆಯ ವಾರದಲ್ಲಿ ನಿಮ್ಮದು, ಮನೆಯವರದು, ವಯಸ್ಸಿಗೆ ಬಂದ ಮಕ್ಕಳದು, ಎಲ್ಲರ ಪಾಸ್‌ಬುಕ್ಕನ್ನೂ ಒಮ್ಮೆ ಬ್ಯಾಂಕಿಗೆ ಒಯ್ದು ನೋಡಿಸಿ. ತೋಟದ ಕಾಯಂ ಆಳುಗಳ 20 ರೂಪಾಯಿಯನ್ನು ನೀವೇ ಹಾಕಿದರೂ ತಪ್ಪಿಲ್ಲ.